ಹುಳುಕು ಹಲ್ಲಿನ ತುಂಬುವಿಕೆ ಮತ್ತು ಅದರ ವೆಚ್ಚ



ನವಿ ಮುಂಬಯಿಯ ಸಾನಪಾಡಾ ಮೂಲತಃ ಒಂದು ಸಣ್ಣ ಗ್ರಾಮ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಹೊಸ ನಗರವನ್ನು ನಿರ್ಮಿಸುವಾಗ ಈ ಗ್ರಾಮದ ಸುತ್ತಲೂ ವಸತಿ ವಿಭಾಗಗಳನ್ನು ರೂಪಿಸಿತು. 1992ರಲ್ಲಿ ರೈಲು ವಾಶಿಗೆ ಬಂದು, ಮರುವರ್ಷ ಅಲ್ಲಿಂದ ಮುಂದಕ್ಕೆ ಸಾಗಿದ ಮೇಲೆ ಇಲ್ಲಿ ಜನವಸತಿ ವೇಗವಾಗಿ ಬೆಳೆಯಿತು. ಮಗ್ಗುಲಲ್ಲಿಯೇ ಮುಂಬಯಿಯ ಸಗಟು ಕೃಷಿ ಮಾರುಕಟ್ಟೆಯಿದೆ, ರೈಲ್ವೆಯ ಕಾರ್‌ಶೆಡ್ ಇದೆ. ಉಡುಪಿ ಮತ್ತು ಮಂಗಳೂರು ಕಡೆಯ ಹೋಟೆಲು ಉದ್ಯಮಿಗಳು, ಕಲಬುರಗಿ ಮತ್ತು ವಿಜಯಪುರ ಕಡೆಯ ಕಾರ್ಮಿಕರು, ಕಚೇರಿ ಹಾಗೂ ಬ್ಯಾಂಕುಗಳ ನೌಕರರು ಹೀಗೆ ನಾನಾ ವೃತ್ತಿಗಳ ಕನ್ನಡಿಗರು ನವಿ ಮುಂಬಯಿಯಲ್ಲಿ ಸಂಸಾರ ಹೂಡಿದ್ದಾರೆ. ಇಂತಹ ಊರಿನಲ್ಲಿ ದಂತ ವೈದ್ಯರಿಗೆ ಕೊರತೆಯಿಲ್ಲ. ರಸ್ತೆಗೊಂದು ಫಲಕ ಕಾಣಿಸುತ್ತದೆ. ಹೀಗಿದ್ದರೂ ಬಹುಮಂದಿ ದಂತ ವೈದ್ಯರ ಬಾಗಿಲು ತಟ್ಟುವುದು ರಾತ್ರಿಯಿಡೀ ನಿದ್ರೆಗೆಟ್ಟು, ಕೆನ್ನೆಯ ಮೇಲೆ ಅಂಗೈಯಿಟ್ಟುಕೊಂಡು ಬೆಳಗು ಮಾಡಿದ ಅನಂತರವೇ.

ಈ ವಿಳಂಬಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಹುಳುಕು ತನ್ನ ಆರಂಭದ ದಿನಗಳಲ್ಲಿ ನೋಯುವುದಿಲ್ಲ ಎಂಬುದು ಒಂದು. ಒಳಗೆ ಕಾಲಿಟ್ಟರೆ ಎಷ್ಟು ಹಣ ತೆರಬೇಕಾದೀತೋ ಎಂಬ ಅಳುಕು ಮತ್ತೊಂದು. ಎರಡನೆಯ ಕಾರಣವೇ ಹೆಚ್ಚು ಬಲವಾದದ್ದು. ವಿಚಿತ್ರವೆಂದರೆ, ವೆಚ್ಚಕ್ಕೆ ಅಂಜಿ ಮುಂದೂಡಿದ ಪ್ರತಿಯೊಂದು ತಿಂಗಳೂ ಆ ವೆಚ್ಚವನ್ನೇ ಹೆಚ್ಚಿಸುತ್ತ ಹೋಗುತ್ತದೆ. ಹಲ್ಲು ತುಂಬಿಸುವುದು ಎಂದರೇನು, ಅದಕ್ಕೆ ತಗಲುವ ಹಣವು ಯಾವುದಕ್ಕೆ ಸಲ್ಲುತ್ತದೆ, ಕಡಿಮೆ ವೆಚ್ಚದಲ್ಲಿ ಅದು ಎಲ್ಲಿ ದೊರೆಯುತ್ತದೆ ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಕನ್ನಡದಲ್ಲಿ ‘ಹುಳುಕು’ ಎಂಬ ಮಾತಿನಲ್ಲಿಯೇ ಹುಳುವಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಸಂಸ್ಕೃತದ ವೈದ್ಯಗ್ರಂಥಗಳು ಈ ರೋಗವನ್ನು ‘ಕೃಮಿದಂತ’ ಎಂದು ಕರೆದವು. ಪ್ರಾಚೀನ ಬ್ಯಾಬಿಲೋನಿಯದ ಜನರೂ ಹಾಗೆಯೇ ನಂಬಿದ್ದರು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ದಂತ ವೈದ್ಯ ಗ್ರಂಥದಲ್ಲಿ, ತಾನು ಎಷ್ಟು ಪರೀಕ್ಷಿಸಿದರೂ ಅಂತಹ ಹುಳು ಕಾಣಲಿಲ್ಲವೆಂದು ಈ ನಂಬಿಕೆಯನ್ನು ತಳ್ಳಿಹಾಕಿದನು. 1890ರಲ್ಲಿ ವಿಲ್ಲೋಬಿ ಮಿಲ್ಲರ್ ಎಂಬ ವಿಜ್ಞಾನಿ ನಿಜವಾದ ಕಾರಣವನ್ನು ಮುಂದಿಟ್ಟನು. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಮತ್ತು ಪಿಷ್ಟವನ್ನು ಬಳಸಿಕೊಂಡು ಆಮ್ಲವನ್ನು ಉತ್ಪಾದಿಸುತ್ತವೆ, ಆ ಆಮ್ಲವು ಹಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ ಎಂಬುದೇ ಅವನ ವಿವರಣೆ. ಅಂತೂ ಹುಳುವಿಲ್ಲದಿದ್ದರೂ ಹುಳುಕು ಉಳಿಯಿತು.

ಸಿಹಿ ತಿಂದ ಅಥವಾ ಕುಡಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಆಮ್ಲತೆ ಏರುತ್ತದೆ. ಜೊಲ್ಲು ಅದನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಸುಮಾರು ಅರ್ಧ ಗಂಟೆ ಬೇಕು. ಆದುದರಿಂದ ಎಷ್ಟು ಸಕ್ಕರೆ ತಿಂದೆವು ಎಂಬುದರಷ್ಟೇ ಮುಖ್ಯವಾದುದು ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದು. ಮುಂಬಯಿ ಪ್ರದೇಶದ ಪ್ರಸಿದ್ಧ ‘ಕಟಿಂಗ್’ ಚಹಾ ಅರ್ಧ ಲೋಟವೇ ಇರಬಹುದು. ಗಂಟೆಗೊಮ್ಮೆಯಂತೆ ದಿನಕ್ಕೆ ಎಂಟು ಸಲ ಗುಟುಕರಿಸಿದರೆ, ಊಟದೊಡನೆ ಎರಡು ಸಲ ಪೂರ್ಣ ಲೋಟ ಕುಡಿದವರಿಗಿಂತ ಅವರ ಹಲ್ಲು ಹೆಚ್ಚು ಹೊತ್ತು ಆಮ್ಲದಲ್ಲಿ ನೆನೆಯುತ್ತದೆ.

ಹಲ್ಲಿನ ಹೊರಕವಚವಾದ ಎನಾಮಲ್ ಮಾನವ ದೇಹದಲ್ಲಿಯೇ ಅತ್ಯಂತ ಗಡುಸಾದ ವಸ್ತು. ಅದರಲ್ಲಿ ನರಗಳಿಲ್ಲ. ಆದಕಾರಣ ಕವಚ ಕರಗುತ್ತಿರುವಾಗ ನೋವೇ ತಿಳಿಯದು. ಬಿಳಿಯ ಮಚ್ಚೆಯ ಹಂತದಲ್ಲಿ ಫ್ಲೋರೈಡ್ ಲೇಪನದಿಂದ ರೋಗವನ್ನು ತಡೆಯಬಹುದು, ಹಿಂದಕ್ಕೂ ತಿರುಗಿಸಬಹುದು. ಕವಚ ಒಡೆದು ಒಳಪದರವಾದ ಡೆಂಟೈನನ್ನು ರೋಗ ತಲುಪಿದಾಗ ತಣ್ಣೀರು ಅಥವಾ ಸಿಹಿ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಕೂಡಲೇ ಶಮನವಾಗುತ್ತದೆ. ತುಂಬಿಸಲು ಇದೇ ಸಕಾಲ. ಮುಂದೆ ರೋಗವು ನರ ಮತ್ತು ರಕ್ತನಾಳಗಳಿರುವ ದಂತಮಜ್ಜೆಯನ್ನು ಮುಟ್ಟಿದರೆ, ಬಿಸಿ ತಾಗಿದಾಗ ಎದ್ದ ನೋವು ಬಹಳ ಹೊತ್ತು ನಿಲ್ಲುತ್ತದೆ, ರಾತ್ರಿ ಮಲಗಿದಾಗ ಬಡಿಯುತ್ತದೆ. ಆಗ ಬರಿಯ ತುಂಬುವಿಕೆಯಿಂದ ಪ್ರಯೋಜನವಾಗುವುದು ವಿರಳ.

ಇದಾದ ಮೇಲಿನ ಘಟ್ಟವೇ ಜನರನ್ನು ಹೆಚ್ಚಾಗಿ ಮೋಸಗೊಳಿಸುವಂಥದು. ಕೆಲವು ದಿನ ಕಾಡಿದ ನೋವು ತಾನಾಗಿಯೇ ನಿಂತುಬಿಡುತ್ತದೆ. ಲವಂಗದ ಎಣ್ಣೆ ಫಲ ಕೊಟ್ಟಿತು, ಔಷಧದ ಅಂಗಡಿಯಿಂದ ತಂದ ಮಾತ್ರೆ ಫಲ ಕೊಟ್ಟಿತು ಎಂದು ಮನೆಯವರು ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ವಾಸ್ತವದಲ್ಲಿ ಮಜ್ಜೆ ಸತ್ತಿರುತ್ತದೆ. ನೋವನ್ನು ತಿಳಿಸುವ ನರವೇ ಇಲ್ಲವಾದ ಮೇಲೆ ನೋವೆಲ್ಲಿಂದ ಬರಬೇಕು? ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತಿರುತ್ತದೆ. ಕೆಳಗಿನ ದವಡೆಹಲ್ಲಿನ ಕೀವು ನಾಲಗೆಯ ಕೆಳಭಾಗಕ್ಕೂ ಕುತ್ತಿಗೆಗೂ ಹರಡಿ ಉಸಿರಾಟಕ್ಕೇ ಅಡ್ಡಿಯಾದ ಪ್ರಸಂಗಗಳು ವೈದ್ಯಶಾಸ್ತ್ರಕ್ಕೆ ಹೊಸವಲ್ಲ. ಬಾಯಿ ತೆರೆಯಲು ಆಗದಿರುವುದು, ನುಂಗಲು ಕಷ್ಟವಾಗುವುದು, ಜ್ವರದೊಡನೆ ಗದ್ದದ ಕೆಳಗೆ ಊತ ಬರುವುದು ಕಂಡುಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಮಧುಮೇಹ ಉಳ್ಳವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಒಂದು ಉದಾಹರಣೆಯಿಂದ ವೆಚ್ಚದ ಲೆಕ್ಕ ಸ್ಪಷ್ಟವಾಗಬಹುದು. ಸಗಟು ಮಾರುಕಟ್ಟೆಯಲ್ಲಿ ದಿನಗೂಲಿಗೆ ಮೂಟೆ ಹೊರುವ ಕಾರ್ಮಿಕನೊಬ್ಬನ ಕೆಳಗಿನ ದವಡೆಹಲ್ಲಿನಲ್ಲಿ ಸಣ್ಣ ಗುಳಿ ಬಿದ್ದಿದೆ ಎಂದು ಭಾವಿಸಬಹುದು. ಆ ಹಂತದಲ್ಲಿಯೇ ಸಾನಪಾಡಾದ ಸಾಮಾನ್ಯ ಖಾಸಗಿ ಚಿಕಿತ್ಸಾಲಯಕ್ಕೆ ಹೋದರೆ, ಬಳಸುವ ವಸ್ತುವನ್ನು ಅನುಸರಿಸಿ ಐದುನೂರು ರೂಪಾಯಿಯಿಂದ ಒಂದೂವರೆ ಸಾವಿರದವರೆಗೆ ಖರ್ಚು, ಅರ್ಧ ದಿನದ ಕೂಲಿ ನಷ್ಟ. ವರ್ಷ ಕಳೆದು ಮಜ್ಜೆಗೆ ಸೋಂಕು ತಗಲಿದ ಮೇಲೆ ಹೋದರೆ ಬೇರುನಾಳದ ಚಿಕಿತ್ಸೆ ಬೇಕು, ಆ ಮೇಲೆ ಹಲ್ಲು ಸೀಳದಂತೆ ಮೇಲ್ಗವಚವೂ ಬೇಕು. ಇವೆರಡೂ ಸೇರಿ ಎಂಟು-ಹತ್ತು ಸಾವಿರ ಮುಟ್ಟುವುದು ಸಾಮಾನ್ಯ. ಎರಡು ಮೂರು ಸಲ ಅಲೆಯಬೇಕಾಗುವುದು ಬೇರೆ. ಅಷ್ಟು ಹಣ ಕೈಯಲ್ಲಿಲ್ಲದವನು ಹಲ್ಲನ್ನು ಕೀಳಿಸುತ್ತಾನೆ, ಏಕೆಂದರೆ ಕೀಳಿಸುವುದು ಕೆಲವೇ ನೂರು ರೂಪಾಯಿಯ ಕೆಲಸ. ಆದರೆ ಒಂದು ದವಡೆಹಲ್ಲು ಹೋದ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ ಅಥವಾ ಏರುತ್ತದೆ, ಆ ಬದಿಯಲ್ಲಿ ಅಗಿಯುವುದೇ ನಿಂತುಹೋಗುತ್ತದೆ. ಮೂಳೆಯಲ್ಲಿ ಕೃತಕ ಬೇರನ್ನು ನೆಟ್ಟು ಆ ತೆರವನ್ನು ತುಂಬಬೇಕಾದರೆ ಇಪ್ಪತ್ತು-ಮೂವತ್ತು ಸಾವಿರವೋ ಅದಕ್ಕಿಂತ ಹೆಚ್ಚೋ ಬೇಕು. ಈ ಮೊತ್ತಗಳೆಲ್ಲ ಅಂದಾಜಿನವು, ವೈದ್ಯರಿಂದ ವೈದ್ಯರಿಗೆ ಬದಲಾಗತಕ್ಕವು. ಆದರೆ ಅವುಗಳ ನಡುವಣ ಅಂತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿರುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನು ಚಿಕಿತ್ಸೆಯ ವಿಷಯ. ಹಲ್ಲು ಕೊರೆಯುವುದು ಆಧುನಿಕರ ಆವಿಷ್ಕಾರವೆಂದು ಭಾವಿಸಲಾಗುತ್ತಿತ್ತು. ಆದರೆ ಬಲೂಚಿಸ್ತಾನದ ಮೆಹರ್‌ಗಢದ ಪ್ರಾಚೀನ ಸಮಾಧಿಗಳಲ್ಲಿ, ಏಳೂವರೆ ಸಾವಿರದಿಂದ ಒಂಬತ್ತು ಸಾವಿರ ವರ್ಷಗಳಷ್ಟು ಹಿಂದೆ ಕಲ್ಲಿನ ಮೊನೆಯಿಂದ ಕೊರೆಯಲಾದ ಹನ್ನೊಂದು ಹಲ್ಲುಗಳು ದೊರೆತ ಸಂಗತಿ 2006ರಲ್ಲಿ ಪ್ರಕಟವಾಯಿತು. ಕೊರೆಸಿಕೊಂಡವರು ಆ ಬಳಿಕವೂ ಬದುಕಿದ್ದರೆಂಬುದಕ್ಕೆ ರಂಧ್ರದ ಅಂಚುಗಳ ಸವೆತವೇ ಸಾಕ್ಷಿ. ಅಂದು ಅರಿವಳಿಕೆ ಇರಲಿಲ್ಲವೆಂಬುದನ್ನು ನೆನೆದರೆ ಇಂದು ಸೂಜಿಗೆ ಅಂಜುವವರಿಗೆ ತುಸು ಧೈರ್ಯ ಬರಬಹುದು.

ತುಂಬುವಿಕೆಯೆಂದರೆ ಗುಳಿಯೊಂದಕ್ಕೆ ಗಾರೆ ಮೆತ್ತುವ ಕೆಲಸವಲ್ಲ. ವೈದ್ಯರು ಮೊದಲು ಹಲ್ಲನ್ನು ಪರೀಕ್ಷಿಸುತ್ತಾರೆ. ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕಿದ್ದರೆ ಅಥವಾ ಆಳವನ್ನು ತಿಳಿಯಬೇಕಾಗಿದ್ದರೆ ಸಣ್ಣ ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ಗುಳಿ ಆಳವಾಗಿದ್ದರೆ ವಸಡಿಗೆ ಅರಿವಳಿಕೆಯ ಚುಚ್ಚುಮದ್ದು ಕೊಡುತ್ತಾರೆ, ತೀರ ಮೇಲ್ಪದರದ ಹುಳುಕಿಗೆ ಅದೂ ಬೇಕಾಗದು. ಬಳಿಕ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸಲ ಸುತ್ತುವ, ಗಾಳಿಯ ಒತ್ತಡದಿಂದ ನಡೆಯುವ ಸಣ್ಣ ಯಂತ್ರದಿಂದ ಕೊಳೆತ ಭಾಗವನ್ನು ತೆಗೆಯುತ್ತಾರೆ. ಆಗ ಚಿಮ್ಮುವ ನೀರು ಹಲ್ಲು ಕಾಯದಂತೆ ತಂಪಾಗಿಡುವುದಕ್ಕಾಗಿ. ಯಂತ್ರದ ಸದ್ದು ಭಯ ಹುಟ್ಟಿಸುವಷ್ಟು ನೋವನ್ನು ಉಂಟುಮಾಡುವುದಿಲ್ಲ. ಮಜ್ಜೆಯ ಸಮೀಪದಲ್ಲಿ ಮೆತ್ತಗಾದ ಪದರವನ್ನು ತುಸು ಉಳಿಸಿ ಮುಚ್ಚುವ ಪದ್ಧತಿಯೂ ಈಗ ಮಾನ್ಯವಾಗಿದೆ. ಪೂರ್ತಿ ಕೆರೆಯಲಿಲ್ಲವೆಂದು ವೈದ್ಯರ ಮೇಲೆ ಶಂಕೆ ಪಡಬೇಕಾಗಿಲ್ಲ.

ತುಂಬುವ ವಸ್ತುವನ್ನು ಆರಿಸುವಾಗಲೇ ಬೆಲೆಯ ವ್ಯತ್ಯಾಸ ಹುಟ್ಟುತ್ತದೆ. ಹಿಂದಿನ ತಲೆಮಾರಿನವರ ದವಡೆಹಲ್ಲುಗಳಲ್ಲಿ ಕಾಣುವ ಬೂದುಬಣ್ಣದ ‘ಬೆಳ್ಳಿ’ ತುಂಬುವಿಕೆಯು ನಿಜವಾಗಿ ಬೆಳ್ಳಿ, ತವರ ಮತ್ತು ತಾಮ್ರಗಳ ಪುಡಿಯನ್ನು ಪಾದರಸದೊಡನೆ ಕಲಸಿದ ಮಿಶ್ರಲೋಹ. ಅದರ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಪಾದರಸವೇ. ಅಗ್ಗವಾದದ್ದು, ಗಟ್ಟಿಯಾದದ್ದು, ಹತ್ತು ಹದಿನೈದು ವರ್ಷ ಬಾಳುವಂಥದು. ಆದರೆ ಪಾದರಸವು ಪರಿಸರಕ್ಕೆ ಹಾನಿಕರ. ಜಪಾನಿನ ಮಿನಮಾಟಾದಲ್ಲಿ ಸಂಭವಿಸಿದ ಪಾದರಸದ ದುರಂತದ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಿ ಅಂಗೀಕೃತವಾಯಿತು. ಭಾರತವು 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಹದಿನೈದು ವರ್ಷಕ್ಕೆ ಕೆಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರಿಗೆ, ವೈದ್ಯರು ಅತ್ಯಗತ್ಯವೆಂದು ಕಂಡ ಹೊರತು, ಈ ವಸ್ತುವನ್ನು ಬಳಸಬಾರದೆಂದು ಒಪ್ಪಂದದ ರಾಷ್ಟ್ರಗಳು 2022ರಲ್ಲಿ ತೀರ್ಮಾನಿಸಿದವು. ಇಷ್ಟಾದ ಮಾತ್ರಕ್ಕೆ ಬಾಯಲ್ಲಿ ಸುಸ್ಥಿತಿಯಲ್ಲಿರುವ ಹಳೆಯ ತುಂಬುವಿಕೆಯನ್ನು ಕಿತ್ತು ತೆಗೆಸುವ ಅಗತ್ಯವಿಲ್ಲ. ಕೀಳುವಾಗಲೇ ಆವಿ ಹೆಚ್ಚಾಗಿ ಹೊರಬೀಳುತ್ತದೆ, ಒಳ್ಳೆಯ ಹಲ್ಲೂ ಅಷ್ಟು ಸವೆಯುತ್ತದೆ. ಹೆದರಿಸಿ ಎಲ್ಲವನ್ನೂ ಬದಲಿಸಲು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು.

ಎರಡನೆಯದು ಗ್ಲಾಸ್ ಅಯೊನೋಮರ್ ಸಿಮೆಂಟು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು ಇದನ್ನು ರೂಪಿಸಿದರು. ಇದು ಹಲ್ಲಿಗೆ ತಾನಾಗಿಯೇ ಅಂಟುತ್ತದೆ, ಅಲ್ಪ ಪ್ರಮಾಣದಲ್ಲಿ ಫ್ಲೋರೈಡನ್ನು ಹೊರಸೂಸುತ್ತದೆ. ವಿದ್ಯುತ್ ಯಂತ್ರವಿಲ್ಲದ ಹಳ್ಳಿಯಲ್ಲಿಯೂ ಕೈಯುಪಕರಣದಿಂದ ಹುಳುಕನ್ನು ಕೆರೆದು ಇದನ್ನು ತುಂಬುವ ಸರಳ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ, ಬಾಯಿಯ ಆರೋಗ್ಯಕ್ಕೆ ಮೀಸಲಾಗಿದ್ದ ವಿಶ್ವ ಆರೋಗ್ಯ ದಿನದಂದು, ಪ್ರಚಾರಕ್ಕೆ ತಂದಿತು. 2021ರಲ್ಲಿ ಇದೇ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಗೂ ಈ ಸಿಮೆಂಟು ಸೇರಿತು. ಬೆಲೆಯಲ್ಲಿ ಹಗುರ. ಹಾಲುಹಲ್ಲುಗಳಿಗೆ, ವಸಡಿನ ಅಂಚಿನ ಸವೆತಕ್ಕೆ ಬಹಳ ತಕ್ಕದ್ದು. ಆದರೆ ದವಡೆಹಲ್ಲಿನ ಅಗಲವಾದ ಗುಳಿಯಲ್ಲಿ ಅಗಿತದ ಒತ್ತಡಕ್ಕೆ ಬೇಗ ಸವೆಯಬಹುದು.

ಮೂರನೆಯದು ಈಗ ಎಲ್ಲೆಡೆ ಪ್ರಚಲಿತವಾಗಿರುವ, ಹಲ್ಲಿನದೇ ಬಣ್ಣದ ಕಾಂಪೋಸಿಟ್. ಇದು ರಾಳ ಮತ್ತು ಗಾಜಿನ ನುಣುಪು ಕಣಗಳ ಮಿಶ್ರಣ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕೈಗಾರಿಕೆಗಳಲ್ಲಿ ಆಮ್ಲ ಬಳಿಯುತ್ತಿದ್ದುದನ್ನು ನೋಡಿದ ಅಮೆರಿಕದ ಮೈಕೇಲ್ ಬ್ಯುನೊಕೋರ್, ಹಲ್ಲಿನ ಕವಚಕ್ಕೂ ಆಮ್ಲ ತಾಗಿಸಿದರೆ ರಾಳ ಅಂಟುವುದೆಂದು 1955ರಲ್ಲಿ ತೋರಿಸಿದನು. ಇಂದಿಗೂ ಕ್ರಮ ಅದೇ. ಗುಳಿಗೆ ಕೆಲವು ಸೆಕೆಂಡು ಆಮ್ಲದ ಲೇಪ, ತೊಳೆತ, ಅಂಟುದ್ರವ, ಬಳಿಕ ತೆಳುವಾದ ಪದರಗಳಲ್ಲಿ ಕಾಂಪೋಸಿಟ್, ಒಂದೊಂದು ಪದರಕ್ಕೂ ನೀಲಿ ಬೆಳಕು. ಈ ಕೆಲಸಕ್ಕೆ ತೇವವೇ ಶತ್ರು. ನಡುವೆ ಒಂದು ಹನಿ ಜೊಲ್ಲು ತಾಗಿದರೂ ಅಂಟು ಸಡಿಲಾಗಿ, ಅಂಚಿನಲ್ಲಿ ಕಾಣದ ಸಂದು ಉಳಿದು, ಕೆಲವೇ ವರ್ಷಗಳಲ್ಲಿ ಅಡಿಯಿಂದಲೇ ಹೊಸ ಹುಳುಕು ಹತ್ತುತ್ತದೆ. ಆದುದರಿಂದ ಉತ್ತಮ ವೈದ್ಯರು ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆಯನ್ನೋ ಹತ್ತಿಯ ಸುರುಳಿಗಳನ್ನೋ ಇರಿಸಿ, ಜೊಲ್ಲನ್ನು ಹೀರುವ ನಳಿಕೆಯನ್ನು ಹಾಕಿ, ಅವಸರಪಡದೆ ದುಡಿಯುತ್ತಾರೆ. ಕಡೆಗೆ ಬಣ್ಣದ ಕಾಗದವನ್ನು ಕಚ್ಚಿಸಿ, ಎತ್ತರವಾದ ಚುಕ್ಕೆಗಳನ್ನು ಸವರುತ್ತಾರೆ. ಮನೆಗೆ ಬಂದ ಮೇಲೆ ಆ ಹಲ್ಲೇ ಮೊದಲು ತಾಗುತ್ತಿದೆ ಎನ್ನಿಸಿದರೆ ಮರುದಿನವೇ ಹೋಗಿ ಸರಿಪಡಿಸಿಕೊಳ್ಳಬೇಕು. ಅಭ್ಯಾಸವಾದೀತೆಂದು ಕಾಯುವುದು ತಪ್ಪು.

ವೆಚ್ಚದ ಗುಟ್ಟು ಇಲ್ಲಿಯೇ ಇದೆ. ಒಂದು ಗುಳಿಗೆ ಹಿಡಿಯುವ ಕಾಂಪೋಸಿಟಿನ ಬೆಲೆ ಒಟ್ಟು ಶುಲ್ಕದ ಸಣ್ಣ ಪಾಲು ಮಾತ್ರ. ರೋಗಿಯು ಮುಖ್ಯವಾಗಿ ಹಣ ತೆರುವುದು ವೈದ್ಯರ ಅರ್ಧ ಮುಕ್ಕಾಲು ಗಂಟೆಯ ಏಕಾಗ್ರತೆಗೆ, ಸಹಾಯಕರ ಸಂಬಳಕ್ಕೆ, ಉಪಕರಣಗಳನ್ನು ಹಬೆಯ ಒತ್ತಡದಲ್ಲಿ ಕ್ರಿಮಿಶುದ್ಧ ಮಾಡುವುದಕ್ಕೆ ಮತ್ತು ಆ ಜಾಗದ ಬಾಡಿಗೆಗೆ. ಒಂದೇ ಬಗೆಯ ತುಂಬುವಿಕೆಗೆ ಹೆದ್ದಾರಿಯ ಬದಿಯ ಹೊಸ ಕಟ್ಟಡದಲ್ಲಿ ಒಂದು ದರ, ಒಳರಸ್ತೆಯ ಹಳೆಯ ಮಳಿಗೆಯಲ್ಲಿ ಮತ್ತೊಂದು ದರ ಇರುವುದಕ್ಕೆ ಹೆಚ್ಚಿನ ಪಾಲು ಕಾರಣ ಬಾಡಿಗೆಯೇ ಹೊರತು ಹಲ್ಲಲ್ಲ. ದುಬಾರಿ ಕುರ್ಚಿ ಇದ್ದ ಮಾತ್ರಕ್ಕೆ ಕೆಲಸ ಉತ್ತಮವಾಗಿರಬೇಕಾಗಿಲ್ಲ. ಅಂತೆಯೇ ಹತ್ತೇ ನಿಮಿಷದಲ್ಲಿ ಮುಗಿದ ಅಗ್ಗದ ಕಾಂಪೋಸಿಟ್ ನಿಜವಾಗಿ ಅಗ್ಗವಾದೀತೆಂಬ ಭರವಸೆಯೂ ಇಲ್ಲ. ಸಮಯ ಕಡಿಮೆ, ಹಣವೂ ಕಡಿಮೆ ಎನ್ನುವಲ್ಲಿ ಚೆನ್ನಾಗಿ ತುಂಬಿದ ಸಾಧಾರಣ ಸಿಮೆಂಟೇ, ತರಾತುರಿಯಲ್ಲಿ ತುಂಬಿದ ಕಾಂಪೋಸಿಟಿಗಿಂತ ಮೇಲು.

ಕುರ್ಚಿಯ ಮೇಲೆ ಒರಗುವ ಮೊದಲೇ ಶುಲ್ಕವನ್ನು ವಿಚಾರಿಸುವುದು ಅಗೌರವವಲ್ಲ. ಯಾವ ವಸ್ತು ತುಂಬುತ್ತಾರೆ, ಕ್ಷ-ಕಿರಣ ಚಿತ್ರದ ಹಣ ಇದರಲ್ಲಿ ಸೇರಿದೆಯೇ, ಕೊರೆಯುವಾಗ ಮಜ್ಜೆಯವರೆಗೆ ಹುಳುಕು ಕಂಡರೆ ಮುಂದೇನು, ಅದಕ್ಕೆಷ್ಟು ಎಂಬುದನ್ನು ನೇರವಾಗಿ ಕೇಳಬೇಕು. ಕಡೆಯ ಪ್ರಶ್ನೆ ಬಹುಮುಖ್ಯವಾದದ್ದು. ಸಾವಿರ ರೂಪಾಯಿಯ ಕೆಲಸಕ್ಕೆಂದು ಮಲಗಿದವರು ಎಂಟು ಸಾವಿರದ ಕೆಲಸಕ್ಕೆ ಒಪ್ಪಿ ಏಳಬೇಕಾಗಿ ಬಂದಾಗಲೇ ಹೆಚ್ಚಿನ ಮನಸ್ತಾಪಗಳು ಹುಟ್ಟುತ್ತವೆ. ಅಂಥ ಸಂದರ್ಭದಲ್ಲಿ ತಾತ್ಕಾಲಿಕವಾಗಿ ಮುಚ್ಚಿಸಿಕೊಂಡು, ಯೋಚಿಸಿ ಬರುವುದಕ್ಕೆ ಅವಕಾಶವಿದೆ. ಆ ತಾತ್ಕಾಲಿಕ ಲೇಪದಲ್ಲಿರುವುದು ಬಹುಮಟ್ಟಿಗೆ ಸತುವಿನ ಭಸ್ಮ ಮತ್ತು ಲವಂಗದ ಎಣ್ಣೆಯ ಸಾರ. ಅಜ್ಜಿಯ ಮದ್ದು ವೈದ್ಯರ ಕೈಯಲ್ಲಿ ಸರಿಯಾದ ಸ್ಥಾನ ಪಡೆದ ಬಗೆ ಇದು. ಅದು ಕೆಲವು ವಾರಗಳ ಮಟ್ಟಿಗೆ ಮಾತ್ರ, ವರ್ಷಗಳಿಗಲ್ಲ.

ಖಾಸಗಿ ದರ ಭರಿಸಲಾರದವರಿಗೆ ದಾರಿಗಳಿಲ್ಲದಿಲ್ಲ. ಸಾನಪಾಡಾದಿಂದ ಜುಯಿನಗರ ದಾಟಿದರೆ ನೆರೂಳು. ಅಲ್ಲಿ ಡಿ. ವೈ. ಪಾಟೀಲ್ ಮತ್ತು ತೇರ್ಣಾ ದಂತ ವೈದ್ಯಕೀಯ ಕಾಲೇಜುಗಳಿವೆ. ಇಂತಹ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ, ಶುಲ್ಕವು ಖಾಸಗಿ ಚಿಕಿತ್ಸಾಲಯಗಳಿಗಿಂತ ಬಹಳ ಕಡಿಮೆ. ಹಣದ ಬದಲು ಅಲ್ಲಿ ಕೊಡಬೇಕಾದುದು ಸಮಯ. ಒಂದು ತುಂಬುವಿಕೆಗೆ ಅರ್ಧ ದಿನ ಬೇಕಾಗಬಹುದು, ಪ್ರತಿ ಹಂತವನ್ನೂ ಅಧ್ಯಾಪಕರು ಬಂದು ನೋಡುವವರೆಗೆ ಬಾಯಿ ತೆರೆದು ಕಾಯಬೇಕಾಗಬಹುದು. ವಿದ್ಯಾರ್ಥಿಯೆಂದು ಹಿಂಜರಿಯುವವರು ಒಂದನ್ನು ಮರೆಯುತ್ತಾರೆ: ಎರಡು ಜೊತೆ ಕಣ್ಣುಗಳು ಪರೀಕ್ಷಿಸಿದ ಹಲ್ಲು ಅದು. ಹಾರ್ಬರ್ ಮಾರ್ಗದ ರೈಲಿನಲ್ಲಿ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋದರೆ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಮುಂಬಯಿ ಸೆಂಟ್ರಲ್ ಬಳಿ ಮಹಾನಗರ ಪಾಲಿಕೆಯ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇದೆ. ರಜೆಯಲ್ಲಿ ಊರಿಗೆ ಹೋಗುವವರು ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜನ್ನೂ ನೆನಪಿಡಬಹುದು. ಆದರೆ ನೋಯುವ ಹಲ್ಲನ್ನು ರಜೆಯವರೆಗೆ ಕಾಯಿಸುವುದು ವಿವೇಕವಲ್ಲ.

ರಾಜ್ಯ ಕಾರ್ಮಿಕ ವಿಮಾ ಯೋಜನೆಗೆ ಒಳಪಟ್ಟವರಿಗೆ ವೈದ್ಯಕೀಯ ಸೌಲಭ್ಯದಲ್ಲಿ ದಂತ ಚಿಕಿತ್ಸೆಯೂ ಸೇರಿದೆ. 2017ರ ಜನವರಿಯಲ್ಲಿ ಈ ಯೋಜನೆಯ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಹೋಟೆಲು ಹಾಗೂ ಅಂಗಡಿಗಳಲ್ಲಿ ದುಡಿಯುವ ಅನೇಕರು ತಿಂಗಳು ತಿಂಗಳೂ ವಂತಿಗೆ ಕಟ್ಟಿಯೂ ಈ ಹಕ್ಕನ್ನು ಬಳಸುವುದಿಲ್ಲ. ವಾಶಿಯಲ್ಲಿ ಈ ಯೋಜನೆಯ ಆಸ್ಪತ್ರೆಯಿದೆ. ಕೇಂದ್ರ ಸರ್ಕಾರದ ಮತ್ತು ರೈಲ್ವೆಯ ನೌಕರರಿಗೆ ಅವರವರ ಆರೋಗ್ಯ ವ್ಯವಸ್ಥೆಗಳಿವೆ. ಖಾಸಗಿ ಆರೋಗ್ಯ ವಿಮೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ವಿಮಾಪತ್ರಗಳು ಅಪಘಾತದಿಂದಾದ ಪೆಟ್ಟಿನ ಹೊರತು ಹಲ್ಲಿನ ಚಿಕಿತ್ಸೆಯ ಖರ್ಚನ್ನು ಕೊಡುವುದಿಲ್ಲ. ಹೊರರೋಗಿ ವೆಚ್ಚವನ್ನು ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಪ್ರಯೋಜನ ದೊರೆತೀತು.

ಕಡಿಮೆ ವೆಚ್ಚದ ಹೆಸರಿನಲ್ಲಿ ಹೋಗಬಾರದ ಸ್ಥಳವೂ ಒಂದುಂಟು. ಪಾದಚಾರಿ ಮಾರ್ಗದಲ್ಲಿ ಕುಳಿತು ಹಲ್ಲು ಕಟ್ಟುವವರು ಹುಳುಕನ್ನು ತೆಗೆಯದೆಯೇ ಮೇಲೆ ಅಂಟು ಸುರಿದು ಮುಚ್ಚುತ್ತಾರೆ. ಒಳಗಿನ ಸೋಂಕಿಗೆ ಅದು ಮರೆಯಾಗುತ್ತದೆ, ಶುದ್ಧಿಯಿಲ್ಲದ ಉಪಕರಣಗಳಿಂದ ಕಾಮಾಲೆಯಂತಹ ರೋಗಗಳೂ ಹರಡುತ್ತವೆ. ನೋಂದಣಿಯಿಲ್ಲದವರು ಹಣಕ್ಕಾಗಿ ದಂತ ವೈದ್ಯ ನಡೆಸುವುದನ್ನು 1948ರ ದಂತ ವೈದ್ಯರ ಕಾಯಿದೆಯೇ ಅಪರಾಧವೆಂದು ಸಾರಿತ್ತು. 2023ರಲ್ಲಿ ಸಂಸತ್ತು ಅದರ ಸ್ಥಾನಕ್ಕೆ ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ನೋಂದಾಯಿತ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ, ಔಷಧ ಚೀಟಿ ಮತ್ತು ರಸೀದಿಗಳಲ್ಲಿಯೂ ತೋರಿಸತಕ್ಕದ್ದು.

ಮಕ್ಕಳ ವಿಷಯದಲ್ಲಿ ತಂದೆ ತಾಯಿಯರು ಮಾಡುವ ಒಂದು ತಪ್ಪು ಬಹಳ ದುಬಾರಿಯಾದುದು. ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಹಿಂಭಾಗದಲ್ಲಿ ಹೊಸ ದವಡೆಹಲ್ಲು ಮೂಡುತ್ತದೆ. ಬಿದ್ದು ಹುಟ್ಟಿದ್ದಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ಎಣಿಸಲಾಗುತ್ತದೆ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುವುದರಿಂದ ಆಹಾರ ಸಿಕ್ಕಿ ಬೇಗ ಹುಳುಕುತ್ತದೆ. ‘ಹೇಗೂ ಬೀಳುವ ಹಲ್ಲು’ ಎಂದು ಕಡೆಗಣಿಸಿ, ಎಂಟು ಹತ್ತು ವರ್ಷದ ಮಗುವಿಗೆ ಅದನ್ನು ಕೀಳಿಸಲಾಗುತ್ತದೆ. ಅದು ಮತ್ತೆ ಹುಟ್ಟದು, ಏಕೆಂದರೆ ಅದೇ ಶಾಶ್ವತವಾದ ಹಲ್ಲು. ಅರವತ್ತು ವರ್ಷ ಅಗಿಯಬೇಕಾಗಿದ್ದ ಹಲ್ಲು ಶಾಲೆ ಮುಗಿಯುವ ಮೊದಲೇ ಹೋಗುತ್ತದೆ. ಮಗುವಿಗೆ ಆರು ತುಂಬಿದಾಗ ಒಮ್ಮೆ ದಂತ ವೈದ್ಯರಿಗೆ ತೋರಿಸಿ, ಗೀರುಗಳಿಗೆ ರಕ್ಷಕ ಲೇಪ ಹಾಕಿಸಿದರೆ ತುಂಬಿಸುವ ಪ್ರಮೇಯವೇ ಬಾರದಿರಬಹುದು. ಹಾಲುಹಲ್ಲನ್ನೂ ಅಲಕ್ಷಿಸುವಂತಿಲ್ಲ. ಅದು ಅಕಾಲದಲ್ಲಿ ಹೋದರೆ ಕೆಳಗಿನಿಂದ ಬರುವ ಹಲ್ಲಿಗೆ ಜಾಗ ತಪ್ಪುತ್ತದೆ. ಯಂತ್ರಕ್ಕೆ ಅಂಜಿ ಅಳುವ ಮಕ್ಕಳಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕನ್ನು ತಡೆಯುವ ವಿಧಾನವೂ ಇದೆ. ಕೊರೆಯಬೇಕಾಗಿಲ್ಲ, ಹುಳುಕಿದ ಭಾಗ ಮಾತ್ರ ಕಪ್ಪಾಗುತ್ತದೆ.

ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡುಳ್ಳ ಪೇಸ್ಟಿನಿಂದ ಹಲ್ಲುಜ್ಜುವುದು ಎಲ್ಲ ತುಂಬುವಿಕೆಗಳಿಗಿಂತ ಅಗ್ಗ. ಮಹಾರಾಷ್ಟ್ರದಲ್ಲಿಯೂ ಗಡಿಯ ಜಿಲ್ಲೆಗಳಲ್ಲಿಯೂ ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ತಿಕ್ಕುವ ರೂಢಿ ಹೆಂಗಸರಲ್ಲಿ ಇನ್ನೂ ಉಳಿದಿದೆ. ತಂಬಾಕು ಬೆರೆತ ಹಲ್ಲುಪುಡಿ ಮತ್ತು ಪೇಸ್ಟುಗಳನ್ನು 1992ರಲ್ಲಿಯೇ ಭಾರತ ಸರ್ಕಾರ ನಿಷೇಧಿಸಿತು. ಮಿಶ್ರಿ ಹಲ್ಲುನೋವನ್ನು ಮರೆಸುತ್ತದೆ ಎಂಬುದು ಅದರ ಗುಣವಲ್ಲ, ದೋಷ. ಮರೆತ ನೋವಿನ ಹಿಂದೆ ಹುಳುಕೂ ಬೆಳೆಯುತ್ತದೆ, ಬಾಯಿಯ ಕ್ಯಾನ್ಸರಿಗೂ ಹಾದಿಯಾಗುತ್ತದೆ.

ಚಿಕಿತ್ಸೆಯ ಬಳಿಕ ರಸೀದಿಯನ್ನು ಕೇಳಿ ಪಡೆಯಬೇಕು. ಯಾವ ಹಲ್ಲು, ಯಾವ ವಸ್ತು, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ರೋಗ ನಿವಾರಣೆಗಾಗಿ ಮಾಡುವ ದಂತ ಚಿಕಿತ್ಸೆಗೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿಯಿದೆ. ತುಂಬುವಿಕೆಯ ಮೇಲೆ ಆ ತೆರಿಗೆ ಸೇರಿಸಿದ್ದರೆ ಕಾರಣ ಕೇಳಬಹುದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಬಹುಪಾಲು ತಕರಾರುಗಳಿಗೆ ನ್ಯಾಯಾಲಯದ ಮೆಟ್ಟಿಲು ಬೇಕಾಗದು, ರಸೀದಿಯೊಂದಿಗೆ ಮರಳಿ ಹೋದರೆ ಸಡಿಲಾದ ತುಂಬುವಿಕೆಯನ್ನು ಹೆಚ್ಚಿನ ವೈದ್ಯರು ತಾವೇ ಸರಿಪಡಿಸಿಕೊಡುತ್ತಾರೆ.

ಅರಿವಳಿಕೆ ಇಳಿಯಲು ಎರಡು ಮೂರು ಗಂಟೆ ಬೇಕು. ಅಷ್ಟರವರೆಗೆ ಬಿಸಿ ಚಹಾ ಕುಡಿಯಬಾರದು, ಏನನ್ನೂ ಅಗಿಯಬಾರದು. ತಿಳಿಯದೆ ತುಟಿಯನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುವುದು ಮಕ್ಕಳಲ್ಲಿ ವಿಶೇಷವಾಗಿ ಸಂಭವಿಸುತ್ತದೆ. ಮೊದಲ ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಸಹಜ. ಎರಡು ವಾರ ಕಳೆದರೂ ನಿಲ್ಲದಿದ್ದರೆ, ಅಥವಾ ಬಿಸಿಗೆ ಏಳುವ ನೋವು ಉಳಿಯುತ್ತಿದ್ದರೆ, ಅದೇ ರಸೀದಿಯನ್ನು ಹಿಡಿದು ಅದೇ ಬಾಗಿಲಿಗೆ ಮತ್ತೆ ಹೋಗತಕ್ಕದ್ದು.